ಬನ್ನಿ ಅಂತೀರಿ, ಮಲಗೋದೆಲ್ಲಿ ಸ್ವಾಮಿ?

ಬೆಂಗಳೂರಿನಲ್ಲಿ ಕಡಿಮೆ ಬೆಲೆಗೆ ರೂಮು ಬೇಕಾದರೆ ಮೆಜೆಸ್ಟಿಕ್, ಗಾಂಧಿನಗರ ಬಿಟ್ಟು ಹೊರವಲಯಕ್ಕೆ ಹೋಗಿ ಎಂಬ ಸಲಹೆ ಈಗ ಎಲ್ಲ ಕಡೆ ಪುಕ್ಕಟೆ ಸಿಗುತ್ತದೆ. ಪತ್ರಿಕೆಗಳ ಪ್ರವಾಸ ಪುರವಣಿ ಹೇಳುತ್ತದೆ, ರೀಲ್ಸ್ ಮಾಡುವ ಹುಡುಗರು ಹೇಳುತ್ತಾರೆ, ಹತ್ತು ವರ್ಷದಿಂದ ಅಲ್ಲೇ ನೆಲೆಸಿರುವ ನಮ್ಮೂರ ಗೆಳೆಯರೂ ಹೇಳುತ್ತಾರೆ. ಯಲಹಂಕ ನೋಡ್ರೀ, ಕೆಂಗೇರಿ ನೋಡ್ರೀ, ದಾಸರಹಳ್ಳಿ ಕಡೆ ಎಂಟುನೂರಕ್ಕೆ ಸಿಗತ್ತೆ. ನಮ್ಮ ಮನೆಗೇ ಬನ್ನಿ ಅಂತ ಮಾತ್ರ ಹೇಳುವುದಿಲ್ಲ. ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ನಾಲ್ಕು ಜನ ಇರುವವರನ್ನು ದೂರಿ ಪ್ರಯೋಜನವೂ ಇಲ್ಲ ಬಿಡಿ.

ಜಿಲ್ಲೆ, ತಾಲ್ಲೂಕುಗಳಲ್ಲಿ ಸ್ಟ್ರಿಂಗರ್ ಕೆಲಸ ಮಾಡುವ ನಾವು ಈ ಸಲಹೆಯನ್ನು ಕೇಳಿಸಿಕೊಂಡು ರಾತ್ರಿ ಬಸ್ ಹತ್ತುವವರ ನಡುವೆಯೇ ಇರುವವರು. ನಮಗೆ ಬರುವುದು ಸುದ್ದಿಗಿಷ್ಟು ಅಂತ ಲೆಕ್ಕದ ದುಡ್ಡು, ಹಾಗಾಗಿ ಒಂದು ರಾತ್ರಿಯ ರೂಮಿನ ಬಾಡಿಗೆ ಎಷ್ಟು ಸುದ್ದಿಗೆ ಸಮ ಅಂತ ನಮಗೆ ಬಾಯಿಪಾಠ. ಹೊರವಲಯದಲ್ಲಿ ಅಗ್ಗದ ರೂಮು ಇಲ್ಲವೇ ಇಲ್ಲ ಅಂತ ನಾವು ವಾದಿಸುತ್ತಿಲ್ಲ. ಇವೆ. ಆದರೆ ಅವು ಯಾವ ಹೊತ್ತಿಗೆ ಬಾಗಿಲು ತೆರೆಯುತ್ತವೆ, ಯಾರಿಗೆ ತೆರೆಯುತ್ತವೆ, ಅಲ್ಲಿಂದ ಕೆಲಸದ ಜಾಗಕ್ಕೆ ಹೋಗಲು ಎಷ್ಟು ಸುರಿಯಬೇಕು ಅನ್ನುವುದನ್ನು ಸಲಹೆ ಕೊಡುವವರು ಹೇಳುವುದಿಲ್ಲ. ನಮ್ಮ ಜಗಳ ಇರುವುದು ಅಲ್ಲಿ.

ಅಂದಹಾಗೆ, ನಮ್ಮ ಕಡೆ ಹೋಟೆಲ್ ಅಂದರೆ ಇಡ್ಲಿ-ವಡೆ ಸಿಗುವ ಜಾಗ, ಮಲಗುವ ಜಾಗಕ್ಕೆ ಲಾಡ್ಜ್. ಆ್ಯಪ್‌ಗಳು ಬಂದ ಮೇಲೆ ಲಾಡ್ಜ್‌ಗಳೆಲ್ಲ ಹೋಟೆಲ್ ಆದವು. ಬೋರ್ಡಿನ ಮೇಲೆ ‘ಗ್ರ್ಯಾಂಡ್’, ‘ರೆಸಿಡೆನ್ಸಿ’, ‘ಸೂಟ್ಸ್’ ಸೇರಿಕೊಂಡವು. ಒಳಗಿನ ಹಾಸಿಗೆ ಅದೇ, ಬಕೆಟ್ಟೂ ಅದೇ.

ಜಿಲ್ಲೆಯ ಜನ ಬೆಂಗಳೂರಿಗೆ ಹೋಗುವುದು ಲಾಲ್‌ಬಾಗ್ ನೋಡಲು ಅಂತ ಯಾರಾದರೂ ತಿಳಿದಿದ್ದರೆ ಒಮ್ಮೆ ಯಾವುದಾದರೂ ತಾಲ್ಲೂಕು ಬಸ್ ನಿಲ್ದಾಣದಲ್ಲಿ ರಾತ್ರಿ ಎಂಟರ ಮೇಲೆ ನಿಂತು ನೋಡಲಿ. ಎಕ್ಸ್‌ರೇ ಕವರ್ ಹಿಡಿದ ಅಪ್ಪ-ಮಗ. ಹಾಲ್‌ಟಿಕೆಟ್ ಪ್ರಿಂಟ್ ಹಾಕಿಸಿಕೊಂಡ ಹುಡುಗಿ, ಜೊತೆಗೆ ಅವಳ ಅಣ್ಣ. ಪಿಂಚಣಿ ಫೈಲು ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಲು ಹೊರಟ ನಿವೃತ್ತ ಮೇಷ್ಟ್ರು. ನವೆಂಬರ್‌ನಲ್ಲಾದರೆ ಜಿಕೆವಿಕೆ ಕೃಷಿಮೇಳಕ್ಕೆ ಹೊರಟ ರೈತರು. ಇವರಾರೂ ತಾವಾಗಿ ಹೊರಟವರಲ್ಲ. ಬೆಂಗಳೂರು ಕರೆದಿದೆ, ಹೊರಟಿದ್ದಾರೆ.

ಹೀಗೆ ಕರೆಯುವ ಬೆಂಗಳೂರು ಈಗ ಮೆಜೆಸ್ಟಿಕ್ ಸುತ್ತಮುತ್ತ ಇಲ್ಲ. ಕಂಪ್ಯೂಟರ್ ಮುಂದೆ ಕೂರಿಸಿ ಬರೆಸುವ ಪರೀಕ್ಷೆಗಳು ಹೆಚ್ಚಾದಂತೆ ಪರೀಕ್ಷಾ ಕೇಂದ್ರಗಳು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಯಲಹಂಕದ ಆಚೆಯ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋದವು. ಬಡವರಿಗೆ ಹೃದಯ ಮತ್ತು ನರರೋಗದ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುವ ಸತ್ಯಸಾಯಿ ಆಸ್ಪತ್ರೆ 2001ರಿಂದ ವೈಟ್‌ಫೀಲ್ಡ್‌ನಲ್ಲಿದೆ. ದೊಡ್ಡ ಹೃದ್ರೋಗ ಆಸ್ಪತ್ರೆ ಬೇಕೆಂದರೆ ಬೊಮ್ಮಸಂದ್ರ. 2022ರ ಜೂನ್‌ನಿಂದ ಹಲವು ದೂರದ ರೈಲುಗಳು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಬಂದು ನಿಲ್ಲುತ್ತಿವೆ. ಆಸ್ಪತ್ರೆ ಹೋಯಿತು, ಪರೀಕ್ಷೆ ಹೋಯಿತು, ರೈಲೂ ಹೋಯಿತು. ಬಡವನ ಲಾಡ್ಜ್ ಮಾತ್ರ ಗಾಂಧಿನಗರ, ಕಾಟನ್‌ಪೇಟೆ, ಉಪ್ಪಾರಪೇಟೆಯಲ್ಲೇ ಉಳಿಯಿತು. ಹೊರವಲಯದಲ್ಲಿ ಎದ್ದ ಹೊಸ ಕಟ್ಟಡಗಳು ಐಟಿ ಕಂಪನಿಯ ಲೆಕ್ಕಕ್ಕೆ ಬಿಲ್ ಹಾಕಿಸುವವರಿಗಾಗಿ ಎದ್ದವು. ಅದಕ್ಕೇ ನೋಡಿ, ಅಲ್ಲಿನ ಹಲವು ಹೋಟೆಲ್‌ಗಳಲ್ಲಿ ಮಂಗಳವಾರ, ಬುಧವಾರ ಬಾಡಿಗೆ ಏರುತ್ತದೆ, ಶನಿವಾರ ಇಳಿಯುತ್ತದೆ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ಫೆಬ್ರವರಿ ವಾರವಂತೂ ಆ ದಿಕ್ಕಿಗೆ ತಲೆ ಹಾಕಿ ಮಲಗುವುದೂ ಕಷ್ಟ.

ಈಗ ಹೊತ್ತಿನ ಪ್ರಶ್ನೆಗೆ ಬರೋಣ. ನಮ್ಮ ಪ್ರಕಾರ ಎಲ್ಲಕ್ಕಿಂತ ದೊಡ್ಡ ಮೋಸ ಇರುವುದು ಇಲ್ಲಿ, ಅದೂ ಯಾರೂ ಮೋಸ ಅಂತ ಕರೆಯದ ಮೋಸ.

ನಮ್ಮ ಕಡೆಯ ರಾತ್ರಿ ಬಸ್ಸುಗಳು ಬೆಂಗಳೂರು ತಲುಪುವುದು ಬೆಳಗಿನ ಜಾವ ನಾಲ್ಕರಿಂದ ಆರರೊಳಗೆ. ಹೊರವಲಯದ ಹೊಸ ಹೋಟೆಲ್‌ಗಳ ಚೆಕ್-ಇನ್ ಮಧ್ಯಾಹ್ನ ಹನ್ನೆರಡಕ್ಕೆ, ಕೆಲವು ಕಡೆ ಒಂದಕ್ಕೆ, ಎರಡಕ್ಕೆ. ಚೆಕ್-ಔಟ್ ಮಾರನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ. ಐದಕ್ಕೆ ಬಂದವನು ಮುಖ ತೊಳೆದು, ಎರಡು ಗಂಟೆ ಕಣ್ಣು ಮುಚ್ಚಿ, ಎಂಟಕ್ಕೆ ಆಸ್ಪತ್ರೆಯ ಸಾಲಿಗೆ ಸೇರಬೇಕು. ಅವನಿಗೆ ರೂಮು ಬೇಕಿರುವುದೇ ಆ ಮೂರು ಗಂಟೆಗೆ. ಆ ಮೂರು ಗಂಟೆ ಬೇಕಾದರೆ ಹಿಂದಿನ ದಿನದ ಬಾಡಿಗೆ ಪೂರ್ತಿ ಕೊಡಬೇಕು. ಇಲ್ಲದಿದ್ದರೆ ‘ಅರ್ಲಿ ಚೆಕ್-ಇನ್’ ಅಂತ ಮುನ್ನೂರೋ ಐನೂರೋ ಮೇಲೆ ಇಡಬೇಕು. ಅದೂ ಆಗದಿದ್ದರೆ ರಿಸೆಪ್ಷನ್ನಿನ ಸೋಫಾದಲ್ಲಿ ಕೂರಬೇಕು, ಸೋಫಾ ಖಾಲಿ ಇದ್ದರೆ, ಕಾವಲುಗಾರನಿಗೆ ಮನಸ್ಸು ಬಂದರೆ. ಆ್ಯಪ್‌ನಲ್ಲಿ 850 ಎಂದು ಕಂಡ ರೂಮು ಹೀಗೆ 1,350 ಆಗುತ್ತದೆ, ಇಲ್ಲವೇ ಎರಡು ದಿನದ 1,700.

ಮೆಜೆಸ್ಟಿಕ್ಕಿನ ಹಳೆ ಲಾಡ್ಜ್‌ಗಳಿಗೆ ಯಾರು ಏನೇ ಅನ್ನಲಿ, ಅಲ್ಲಿ ‘24 ಗಂಟೆ’ ಎಂಬ ಒಂದು ಧರ್ಮ ಇತ್ತು, ಕೆಲವು ಕಡೆ ಈಗಲೂ ಇದೆ. ಬೆಳಗ್ಗೆ ಐದಕ್ಕೆ ಬಂದರೆ ಮರುದಿನ ಬೆಳಗ್ಗೆ ಐದರವರೆಗೆ ನಿಮ್ಮದು. ಸ್ನಾನಕ್ಕೆ ಮಾತ್ರ ಬಂದವರಿಗೆ ‘ಫ್ರೆಶ್-ಅಪ್’ ಅಂತ ಎರಡು ಗಂಟೆಗೆ ಒಂದು ಸಣ್ಣ ದರ. ಬಸ್ ನಿಲ್ದಾಣದ ಎದುರು ವ್ಯಾಪಾರ ಮಾಡುವವರಿಗೆ ಬಸ್ ಯಾವಾಗ ಬರುತ್ತದೆ ಅಂತ ಗೊತ್ತಿತ್ತು. ಹೊರವಲಯದ ಹೋಟೆಲ್‌ನವರಿಗೆ ವಿಮಾನದ ವೇಳೆ ಗೊತ್ತು, ಬಸ್ಸಿನದು ಗೊತ್ತಿಲ್ಲ.

ಇನ್ನು ಓಡಾಟದ ಲೆಕ್ಕ. ಮೂಗಿಗಿಂತ ಮೂಗುತಿ ಭಾರ ಅನ್ನುವ ಗಾದೆ ಮಾಡಿದವರು ಬೆಂಗಳೂರಿನ ಹೊರವಲಯದಲ್ಲಿ ರೂಮು ಮಾಡಿದ್ದರೋ ಏನೋ. ರೋಗಿ, ಹೆಂಡತಿ, ಮಗ, ಹೀಗೆ ಮೂವರು ದಾಸರಹಳ್ಳಿಯಲ್ಲಿ 900 ರೂಪಾಯಿಯ ರೂಮು ಹಿಡಿದರು ಅಂತಿಟ್ಟುಕೊಳ್ಳಿ. ಆಸ್ಪತ್ರೆ ಬೊಮ್ಮಸಂದ್ರದಲ್ಲಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ್ದರಿಂದ ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿ ಮೆಟ್ರೊದಲ್ಲೇ ಹೋಗಬಹುದು, ಅದು ಒಳ್ಳೆಯದೇ ಆಯಿತು. ಆದರೆ ಅದೇ ವರ್ಷ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತ್ತು, ಇಷ್ಟು ದೂರಕ್ಕೆ ಆ ಗರಿಷ್ಠ ದರವೇ ಬೀಳುತ್ತದೆ. ಮೂವರು, ಹೋಗಿ ಬರಲು 540. ಅಲ್ಲಿಗೆ ರೂಮು 1,440 ಆಯಿತು. ಆಸ್ಪತ್ರೆಯ ಪಕ್ಕದಲ್ಲೇ 1,400 ಕೊಟ್ಟು ಇದ್ದಿದ್ದರೆ ರೋಗಿಯನ್ನು ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದಾಡುವುದಾದರೂ ತಪ್ಪುತ್ತಿತ್ತು.

ಮೆಟ್ರೊ ಇಲ್ಲದ ಹೊತ್ತಿನಲ್ಲಿ ಆಟೊ. 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಅದರ ಒಂದೂವರೆ ಪಟ್ಟು. ನಾಲ್ಕೂವರೆಗೆ ಯಶವಂತಪುರದಲ್ಲಿ ಇಳಿದು ಹತ್ತು ಕಿ.ಮೀ. ದೂರದ ಅಗ್ಗದ ರೂಮಿಗೆ ಹೋಗಲು ಸರ್ಕಾರಿ ಲೆಕ್ಕದಲ್ಲೇ 270. ಮೀಟರ್ ಹಾಕಿದರೆ, ಅಂತ ಸೇರಿಸಿಕೊಳ್ಳಿ.

ಹೆಚ್ಚಿನ ನೇಮಕಾತಿ ಪರೀಕ್ಷೆಗಳು ನಡೆಯುವುದು ಭಾನುವಾರ. ವಾರದ ಉಳಿದ ದಿನ ಬೆಳಗ್ಗೆ ಐದರ ಹೊತ್ತಿಗೆ ಓಡುವ ನಮ್ಮ ಮೆಟ್ರೊ ಭಾನುವಾರ ಮಾತ್ರ ಕಣ್ಣು ಬಿಡುವುದು ಏಳು ಗಂಟೆಗೆ. ಎಂಟರ ಆಸುಪಾಸಿಗೆ ಗೇಟ್ ಮುಚ್ಚುವ ಕೇಂದ್ರಕ್ಕೆ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಏಳರ ರೈಲು ಹಿಡಿದು ಮುಟ್ಟುವುದಾದರೂ ಹೇಗೆ? ಕೆಲವು ದೊಡ್ಡ ಪರೀಕ್ಷೆಗಳಿದ್ದಾಗ ಆರಕ್ಕೇ ಓಡಿಸಿದ್ದುಂಟು. ಅಂದರೆ ಮಾಡಬಹುದು ಅಂತಾಯಿತು. ಕೆಲವು ಪರೀಕ್ಷೆಗೆ ಮಾಡಿ ಉಳಿದವಕ್ಕೆ ಬಿಡುವುದು ಯಾವ ನ್ಯಾಯ?

ಆ್ಯಪ್‌ಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಿಲ್ಲ, ಅನುಭವ ಎಲ್ಲರಿಗೂ ಇದೆ. ಫೋಟೊದಲ್ಲಿ ಕಿಟಕಿ ಇರುತ್ತದೆ, ರೂಮಿನಲ್ಲಿ ಇರುವುದಿಲ್ಲ. ‘ಪೇ ಅಟ್ ಹೋಟೆಲ್’ ಅಂತ ಬುಕ್ ಮಾಡಿ ಹೋದರೆ ‘ಆ ರೇಟಿಗೆ ನಮಗೆ ಕಟ್ಟಲ್ಲ ಸಾರ್, ಕ್ಯಾನ್ಸಲ್ ಮಾಡಿ ಡೈರೆಕ್ಟ್ ಕೊಡಿ’ ಎಂಬ ಉತ್ತರ. ಲಾಡ್ಜಿನವರು ಆ್ಯಪ್‌ನವರ ಕಮಿಷನ್ ದೂರುತ್ತಾರೆ, ಆ್ಯಪ್‌ನವರು ಲಾಡ್ಜಿನವರನ್ನು ದೂರುತ್ತಾರೆ, ನಡುವೆ ಬ್ಯಾಗ್ ಹಿಡಿದು ನಿಂತಿರುವವರು ನಾವು. ಲಾಡ್ಜಿನವರ ದೂರಿನಲ್ಲಿ ಹುರುಳೇ ಇಲ್ಲ ಅನ್ನಲಾಗದು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ, ಓಯೊಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಆಯೋಗ ಎತ್ತಿದ ಆಕ್ಷೇಪಗಳಲ್ಲಿ ಒಂದು ನಮಗೆ ನೇರ ಸಂಬಂಧಿಸಿದ್ದು: ತಮ್ಮಲ್ಲಿ ತೋರಿಸಿದ್ದಕ್ಕಿಂತ ಕಡಿಮೆ ದರಕ್ಕೆ ಬೇರೆ ಕಡೆ ಕೊಡಬಾರದು ಎಂದು ಹೋಟೆಲ್‌ಗಳನ್ನು ಕರಾರಿನಲ್ಲಿ ಕಟ್ಟಿಹಾಕಿದ್ದು. ಕಂಪನಿಗಳು ಮೇಲ್ಮನವಿಗೆ ಹೋದವು. ಅದೇನೇ ಇರಲಿ, ಇಂಥ ಕರಾರು ಇದ್ದ ಕಡೆ ಚೌಕಾಸಿಗೆ ಜಾಗವೇ ಇರುವುದಿಲ್ಲ. ನಮ್ಮ ಹಿರಿಯರಿಗೆ ಗೊತ್ತಿದ್ದುದು ಕೌಂಟರ್ ಮುಂದೆ ನಿಂತು ‘ಸ್ವಲ್ಪ ನೋಡಿ ಹಾಕಿ’ ಅನ್ನುವ ಒಂದೇ ವಿದ್ಯೆ. ಕೀಪ್ಯಾಡ್ ಫೋನಿನ ಅಪ್ಪನಿಗೆ ಬೋರ್ಡಿನ ದರ, ಸ್ಮಾರ್ಟ್‌ಫೋನಿನ ಮಗನಿಗೆ ಆ್ಯಪ್ ದರ ಅಂತಾಗಿದೆ. ಒಂದೇ ರೂಮು, ಒಂದೇ ರಾತ್ರಿ.

ದುಡ್ಡು ಇದ್ದರೂ ರೂಮು ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಪರೀಕ್ಷೆಗೆ ಒಬ್ಬಳೇ ಬಂದ ಹುಡುಗಿಗೆ ‘ಸಿಂಗಲ್ ಲೇಡೀಸ್‌ಗೆ ಕೊಡಲ್ಲ’. ಅಣ್ಣನ ಜೊತೆ ಬಂದರೆ ‘ಅಣ್ಣ ಅನ್ನೋದಕ್ಕೆ ಏನು ಪ್ರೂಫ್?’ ಆಧಾರ್‌ನಲ್ಲಿ ಇಬ್ಬರ ಅಪ್ಪನ ಹೆಸರೂ ಒಂದೇ ಎಂದು ತೋರಿಸಬೇಕು, ಅವಳಿಗೆ ಮದುವೆಯಾಗಿ ಗಂಡನ ಹೆಸರು ಸೇರಿದ್ದರೆ ಅದೂ ಇಲ್ಲ. ಬೆಂಗಳೂರಿನ ವಿಳಾಸದ ಆಧಾರ್ ಇದ್ದವರಿಗೆ ‘ಲೋಕಲ್ ಐಡಿ ಆಗಲ್ಲ’. ಊರಲ್ಲಿದ್ದ ಅಪ್ಪನನ್ನು ಆಸ್ಪತ್ರೆಗೆ ಕರೆತಂದ, ಇಲ್ಲೇ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಮಗಳು ಅಪ್ಪನ ಜೊತೆ ಒಂದು ರಾತ್ರಿ ರೂಮಿನಲ್ಲಿ ಇರುವಂತಿಲ್ಲ. ಮತ್ತೆ ಕೆಲವು ಕಡೆ, ಆಧಾರ್ ಮೇಲಿನ ಹೆಸರು ಓದುವವರೆಗೆ ರೂಮು ಖಾಲಿ ಇರುತ್ತದೆ, ಓದಿದ ಮೇಲೆ ಫುಲ್ ಆಗುತ್ತದೆ. ಯಾವ ಹೆಸರುಗಳು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನೆಲ್ಲ ‘ಹೋಟೆಲ್ ಪಾಲಿಸಿ’ ಅನ್ನುತ್ತಾರೆ. ಕೌಂಟರ್ ಹಿಂದೆ ಅಂಟಿಸಿದ ಆ ಪಾಲಿಸಿಗಿಂತ ಮೇಲೆ ಒಂದು ಪುಸ್ತಕ ಇದೆ. ಸಂವಿಧಾನದ 15ನೇ ವಿಧಿಯ 2ನೇ ಖಂಡ. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕಷ್ಟೇ ಯಾವ ನಾಗರಿಕರನ್ನೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲ್‌ಗಳ ಪ್ರವೇಶದಿಂದ ತಡೆಯುವಂತಿಲ್ಲ ಎಂಬುದು ಅದರ ಸಾರ. ಹೋಟೆಲ್ ಎಂಬ ಪದ ಅಲ್ಲಿ ನೇರವಾಗಿಯೇ ಇದೆ. ಸರ್ಕಾರಕ್ಕೆ ಮಾತ್ರ ಹೇಳಿದ್ದಲ್ಲ, ಕೌಂಟರ್‌ನಲ್ಲಿ ಕೂತವರಿಗೂ ಹೇಳಿದ್ದು. ಹೆಣ್ಣು ಎಂಬ ಕಾರಣಕ್ಕೆ ರೂಮು ಇಲ್ಲ ಅನ್ನುವ ಲಾಡ್ಜಿಗೆ ಟ್ರೇಡ್ ಲೈಸೆನ್ಸ್ ವರ್ಷ ವರ್ಷ ನವೀಕರಣ ಆಗುತ್ತಲೇ ಇರುವುದು ನಮಗೆ ಅರ್ಥವಾಗದ ಸಂಗತಿ. ಪೊಲೀಸರ ಕಿರಿಕಿರಿ ಸಾರ್, ನಾವೇನು ಮಾಡೋಣ ಅನ್ನುತ್ತಾರೆ ಮ್ಯಾನೇಜರ್‌ಗಳು. ಅದೂ ಪೂರ್ತಿ ಸುಳ್ಳಲ್ಲ. ಹಾಗಾದರೆ ಒಂಟಿ ಮಹಿಳೆಗೆ ರೂಮು ಕೊಟ್ಟ ಕಾರಣಕ್ಕೆ ಯಾವ ಲಾಡ್ಜನ್ನೂ ಪೀಡಿಸುವುದಿಲ್ಲ ಅಂತ ಠಾಣೆಗಳಿಂದ ಒಂದು ಲಿಖಿತ ಸುತ್ತೋಲೆ ಬರಲಿ, ಅದನ್ನೇ ಕೌಂಟರ್‌ನಲ್ಲಿ ಅಂಟಿಸಲಿ.

ಇನ್ನು ಆ ಆಧಾರ್ ಜೆರಾಕ್ಸ್. ಒಂದು ರಾತ್ರಿಗೆ ಮೂವರ ಆಧಾರ್, ಎರಡೂ ಬದಿ. ಅದು ಯಾವ ಕಪಾಟು ಸೇರುತ್ತದೋ, ಯಾವ ಸಿಮ್‌ಗೆ ಆಧಾರವಾಗುತ್ತದೋ. 2022ರ ಮೇ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿ, ಹೋಟೆಲ್, ಚಿತ್ರಮಂದಿರಗಳಂಥ ಪರವಾನಗಿ ಇಲ್ಲದ ಖಾಸಗಿಯವರು ಆಧಾರ್ ಪ್ರತಿ ಪಡೆಯುವಂತಿಲ್ಲ ಎಂದಿತ್ತು. ಎರಡೇ ದಿನಕ್ಕೆ ಅದನ್ನು ಹಿಂದಕ್ಕೆ ಪಡೆಯಲಾಯಿತು, ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು ಅಂತ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿಕೊಳ್ಳುವ ಅವಕಾಶ ಈಗಲೂ ಇದೆ. ಅದನ್ನು ಕೊಡಿ, ಇಲ್ಲವೇ ವೋಟರ್ ಐಡಿ ಕೊಡಿ.

ಎಲ್ಲ ಕತ್ತಲೆ ಅಂತಲೂ ಬರೆಯುವುದು ಸರಿಯಲ್ಲ. ಬೊಮ್ಮಸಂದ್ರದ ಆಸ್ಪತ್ರೆಗಳ ಸುತ್ತ ಒಮ್ಮೆ ಓಡಾಡಿದರೆ ಬಂಗಾಳಿ ಅಕ್ಷರದ ಬೋರ್ಡುಗಳು ಕಾಣುತ್ತವೆ. ಪಶ್ಚಿಮ ಬಂಗಾಳ, ಈಶಾನ್ಯ ರಾಜ್ಯಗಳು, ಬಾಂಗ್ಲಾದೇಶದಿಂದ ಬರುವ ರೋಗಿಗಳಿಗಾಗಿ ಹುಟ್ಟಿಕೊಂಡ ಗೆಸ್ಟ್‌ಹೌಸ್‌ಗಳು ಅವು. ದಿನದ ಲೆಕ್ಕದ ರೂಮು, ಜೊತೆಗೆ ಒಂದು ಒಲೆ, ನಾಲ್ಕು ಪಾತ್ರೆ. ಅನ್ನ-ಸಾರು ಮಾಡಿಕೊಂಡು ಹದಿನೈದು ದಿನ ಇರಬಹುದು. ರೋಗಿಗೆ ಏನು ಬೇಕು ಅಂತ ತಿಳಿದವರು ಮಾಡಿದ ವ್ಯವಸ್ಥೆ ಅದು. ಎರಡು ಸಾವಿರ ಕಿ.ಮೀ. ದೂರದಿಂದ ಬರುವವರಿಗೆ ಗೊತ್ತಿರುವ ಈ ಜಾಗ ಐನೂರು ಕಿ.ಮೀ. ದೂರದ ನಮ್ಮವರಿಗೆ ಗೊತ್ತಿಲ್ಲ, ಅವರು ಇನ್ನೂ ಮೆಜೆಸ್ಟಿಕ್‌ನಲ್ಲೇ ಇಳಿದು ಕೇಳುತ್ತಾರೆ. ಹಾಗೆಯೇ ಎಲೆಕ್ಟ್ರಾನಿಕ್ ಸಿಟಿ, ಮಾರತ್‌ಹಳ್ಳಿ, ಬಿಟಿಎಂ ಕಡೆಯ ಕೆಲವು ಪಿ.ಜಿ.ಗಳು ಖಾಲಿ ಇರುವ ಹಾಸಿಗೆಯನ್ನು ದಿನದ ಬಾಡಿಗೆಗೆ ಕೊಡುತ್ತವೆ. ಊಟವೂ ಸೇರಿ ಲಾಡ್ಜಿನ ಅರ್ಧಕ್ಕಿಂತ ಕಡಿಮೆ. ಲೇಡೀಸ್ ಪಿ.ಜಿ.ಯಲ್ಲಿ ಹುಡುಗಿಯರಿಗೆ ಪ್ರೂಫ್ ಕೇಳುವ ಅಣ್ಣಂದಿರ ಕಾಟವೂ ಇಲ್ಲ. ರೈಲಿನಲ್ಲಿ ಬರುವವರಿಗೆ ಕೆಎಸ್‌ಆರ್, ಯಶವಂತಪುರ ನಿಲ್ದಾಣಗಳ ವಿಶ್ರಾಂತಿ ಕೊಠಡಿಗಳಿವೆ, ಟಿಕೆಟ್‌ನ ಪಿಎನ್‌ಆರ್ ಹಾಕಿ ಮೊದಲೇ ಕಾಯ್ದಿರಿಸಬೇಕು. ಶಾಸಕರ ಪರಿಚಯ ಇದ್ದವರಿಗೆ ಶಾಸಕರ ಭವನದ ರೂಮು, ಅಲ್ಲಿ ಒಂದು ಮಂಚಕ್ಕೆ ಎಷ್ಟು ಕ್ಷೇತ್ರದ ಜನ ಎಂದು ಕೇಳಬೇಡಿ.

ಆದರೆ ಇವೆಲ್ಲ ಗೊತ್ತಿದ್ದವರ ದಾರಿಗಳು. ಗೊತ್ತಿಲ್ಲದವರು ಆಸ್ಪತ್ರೆಯ ಕಾಂಪೌಂಡಿನ ಹೊರಗೆ ಚಾಪೆ ಹಾಸುತ್ತಾರೆ. ಆಪರೇಷನ್ ಪುಕ್ಕಟೆ ಆಯಿತು, ಜೊತೆಗೆ ಬಂದವರ ರೂಮು, ಊಟಕ್ಕೆ ಊರಲ್ಲಿ ಸಾಲ ಮಾಡಿದರು ಅನ್ನುವ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟೋ ಇವೆ.

ಸರ್ಕಾರ ಇದರಲ್ಲಿ ಏನು ಮಾಡೀತು, ರೂಮು ಖಾಸಗಿಯವರ ವ್ಯಾಪಾರ ತಾನೆ ಅಂತ ಕೇಳುವವರಿದ್ದಾರೆ. ಸರ್ಕಾರ ಮಾಡಿದ್ದನ್ನೇ ನೋಡೋಣ. ದಿನಕ್ಕೆ 1,000 ರೂಪಾಯಿಯೊಳಗಿನ ರೂಮಿಗೆ ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ 12 ಪರ್ಸೆಂಟ್ ಬಿತ್ತು. 2025ರ ಸೆಪ್ಟೆಂಬರ್ 22ರಿಂದ 7,500ರವರೆಗಿನ ರೂಮುಗಳಿಗೆಲ್ಲ 5 ಪರ್ಸೆಂಟ್ ಮಾಡಿ, ಅಗ್ಗ ಮಾಡಿದೆವು ಎಂದರು. 7,000ದ ರೂಮಿನಲ್ಲಿ ಇರುವವನಿಗೆ 490 ರೂಪಾಯಿ ಉಳಿಯಿತು. 700ರ ರೂಮಿನಲ್ಲಿ ಇರುವವನು ನಾಲ್ಕು ವರ್ಷದ ಹಿಂದೆ ಸೊನ್ನೆ ಕೊಡುತ್ತಿದ್ದ, ಬಿಲ್ ಕೊಡುವ ಕಡೆ ಈಗ 35 ಕೊಡುತ್ತಾನೆ. ಅಗ್ಗ ಯಾರಿಗಾಯಿತು?

ಊರಿಗೆ ಬಂದವರಿಗೆ ತಲೆ ಇಡಲು ಜಾಗ ಕೊಡುವುದು ಹೊಸ ವಿಚಾರ ಏನಲ್ಲ. ಗುಬ್ಬಿಯ ವ್ಯಾಪಾರಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಧರ್ಮಛತ್ರ ತೆರೆದದ್ದು 1903ರಲ್ಲಿ. ಪ್ರಯಾಣಿಕರು ಇಳಿಯುವ ಜಾಗದ ಪಕ್ಕದಲ್ಲೇ ಛತ್ರ ಇರಬೇಕು ಅನ್ನುವಷ್ಟು ತಿಳಿವಳಿಕೆ ತುಮಕೂರು ಸೀಮೆಯ ಒಬ್ಬ ವರ್ತಕರಿಗೆ ಇತ್ತು. ಅದಾದ ಮೇಲೆ ಬೆಂಗಳೂರು ಎಷ್ಟು ದಿಕ್ಕಿಗೆ ಬೆಳೆಯಿತು, ಎಷ್ಟು ಹೊಸ ನಿಲ್ದಾಣ ಆಯಿತು. ಆ ನಿಲ್ದಾಣಗಳ ಪಕ್ಕ ಮಾಲ್ ಬಂದವು, ಛತ್ರ ಬರಲಿಲ್ಲ.

ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣವನ್ನೇ ತೆಗೆದುಕೊಳ್ಳಿ. ತುಮಕೂರು ರಸ್ತೆಯಿಂದ ಬರುವ ಬಸ್ಸುಗಳು ಊರೊಳಗೆ ನುಗ್ಗಬಾರದು ಅಂತ ಕೆಎಸ್‌ಆರ್‌ಟಿಸಿ ಕಟ್ಟಿಸಿತು, 2014ರಲ್ಲಿ ಉದ್ಘಾಟನೆ ಆಯಿತು. ಬಸ್ಸುಗಳು ಕೆಲಕಾಲ ಅಲ್ಲಿಂದ ಓಡಿದವು, ಜನರಿಗೆ ಒಗ್ಗಲಿಲ್ಲ, ಮತ್ತೆ ಮೆಜೆಸ್ಟಿಕ್‌ಗೆ ಹೋದವು. ಅಷ್ಟು ದೊಡ್ಡ ಕಟ್ಟಡ ವರ್ಷಗಟ್ಟಲೆ ಬಹುಪಾಲು ಬಿಕೋ ಅಂದಿತು. ಮಧ್ಯ ಮತ್ತು ಉತ್ತರ ಕರ್ನಾಟಕದ ಬಹಳಷ್ಟು ಬಸ್ಸುಗಳು ಇವತ್ತಿಗೂ ಅದೇ ರಸ್ತೆಯಲ್ಲಿ ಬೆಳಗಿನ ಜಾವ ಬರುತ್ತವೆ. ಅಂಥ ಕಟ್ಟಡದ ಒಂದು ಮಹಡಿಗೆ ಕಬ್ಬಿಣದ ಮಂಚ, ಲಾಕರ್, ಬಿಸಿನೀರು, ಹೆಂಗಸರಿಗೆ ಪ್ರತ್ಯೇಕ ಹಾಲ್, ಬಾಗಿಲಲ್ಲಿ ಒಬ್ಬ ಮಹಿಳಾ ಕಾವಲುಗಾರ್ತಿ. ಗಂಟೆ ಲೆಕ್ಕದ ದರ. ಇಷ್ಟಕ್ಕೆ ಯಾವ ತಜ್ಞರ ಸಮಿತಿ ಬೇಕು?

2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಡಲು ಸಾಧ್ಯವೇ ಇಲ್ಲ ಅಂದವರಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಸಾರಿಗೆ ನಿಗಮಗಳು ಮುಚ್ಚಿಹೋಗುತ್ತವೆ ಅಂದವರಿದ್ದರು. ಎರಡನ್ನೂ ಸರ್ಕಾರ ನಡೆಸುತ್ತಿದೆ. ಶಕ್ತಿಯಿಂದ ಲಿಂಗಸುಗೂರಿನ ಹೆಣ್ಣುಮಗಳು ಬೆಂಗಳೂರಿನವರೆಗೆ ಸೊನ್ನೆ ಟಿಕೆಟ್‌ನಲ್ಲಿ ಬರುತ್ತಾಳೆ. ಬಂದು ಇಳಿದ ಮೇಲೆ ಬೆಳಕು ಹರಿಯುವವರೆಗೆ ನಿಲ್ದಾಣದ ಕುರ್ಚಿಯಲ್ಲಿ ಬ್ಯಾಗ್ ತಬ್ಬಿಕೊಂಡು ಕೂರುತ್ತಾಳೆ. ಪ್ರಯಾಣ ಉಚಿತ ಮಾಡಿದವರು ಆ ಮೂರು ಗಂಟೆಯನ್ನು ಯೋಚಿಸಲಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಐದು ನಗರಪಾಲಿಕೆಗಳಾದವು. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು, ಉತ್ತರ, ದಕ್ಷಿಣ, ಮಧ್ಯಕ್ಕೊಂದೊಂದು. ಪ್ರತಿ ಪಾಲಿಕೆ ತನ್ನ ಗಡಿಯ ಅಂಚಿನಲ್ಲಿ, ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವ ದೂರದಲ್ಲಿ, ಒಂದೊಂದು ಡಾರ್ಮಿಟರಿ ಮಾಡಲಿ. ಅದಾಗುವವರೆಗೆ ಕಾಸು ಖರ್ಚಿಲ್ಲದ ಕೆಲಸ ಮಾಡಲಿ: ದರಪಟ್ಟಿಯನ್ನು ಕನ್ನಡದಲ್ಲಿ ಬಾಗಿಲ ಹೊರಗೆ ಹಾಕದ, ಬಂದ ಹೊತ್ತಿನಿಂದ 24 ಗಂಟೆ ಕೊಡದ, ಒಂಟಿ ಹೆಣ್ಣುಮಗಳನ್ನು ವಾಪಸ್ ಕಳಿಸುವ ಲಾಡ್ಜಿಗೆ ಲೈಸೆನ್ಸ್ ನವೀಕರಿಸಬೇಡಿ. ಲಾಡ್ಜ್ ಮಾಲೀಕರು ಕರೆಂಟ್ ಬಿಲ್, ನೀರಿನ ಟ್ಯಾಂಕರ್, ಕೆಲಸದವರ ಸಂಬಳ ಅಂತ ಹೇಳುತ್ತಾರೆ, ನಿಜ. ಬಾಡಿಗೆ ಇಳಿಸಿ ಅಂತ ನಾವು ಅವರನ್ನು ಕೇಳುತ್ತಿಲ್ಲ. ಒಂದು ದಿನದ ದುಡ್ಡಿಗೆ ಒಂದು ದಿನ ಕೊಡಿ ಅಂತ ಕೇಳುತ್ತಿದ್ದೇವೆ.

ಇದಕ್ಕಿಂತ ಒಳ್ಳೆಯ ದಾರಿ ನಮ್ಮನ್ನು ಕರೆಯದೇ ಇರುವುದು. 2008ರಲ್ಲಿ ಹೈಕೋರ್ಟಿನ ಪೀಠಗಳು ಧಾರವಾಡ, ಕಲಬುರಗಿಗೆ ಬಂದವು, 2013ರಲ್ಲಿ ಕಾಯಂ ಆದವು. ಅಂದಿನಿಂದ ಈ ಭಾಗದ ಕಕ್ಷಿದಾರರು ಕೇಸಿನ ತಾರೀಕಿಗೆ ಗಾಂಧಿನಗರದ ಲಾಡ್ಜ್ ಹುಡುಕುವುದು ನಿಂತಿತು. ಜಯದೇವ ಆಸ್ಪತ್ರೆ ಮೈಸೂರು, ಕಲಬುರಗಿಯಲ್ಲೂ ಇರುವುದರಿಂದ ಎಷ್ಟು ಮನೆಗಳ ರಾತ್ರಿ ಬಸ್ ತಪ್ಪಿದೆ ಅಂತ ಆ ಜಿಲ್ಲೆಗಳ ನಮ್ಮ ಸ್ನೇಹಿತರು ಹೇಳುತ್ತಾರೆ. ಪರೀಕ್ಷೆಗೆ ಮಾತ್ರ ಈ ಬುದ್ಧಿ ಇನ್ನೂ ಪೂರ್ತಿ ಬಂದಿಲ್ಲ. ಅರ್ಜಿಯಲ್ಲಿ ಕೇಂದ್ರ ಆರಿಸಿ ಅನ್ನುತ್ತಾರೆ, ನಮ್ಮ ಹುಡುಗರು ಕಲಬುರಗಿ, ಬಳ್ಳಾರಿ, ಹುಬ್ಬಳ್ಳಿ ಅಂತ ಆರಿಸುತ್ತಾರೆ, ಹಾಲ್‌ಟಿಕೆಟ್ ತೆರೆದರೆ ಬೆಂಗಳೂರಿನ ಹೆಸರು ಕೇಳದ ಯಾವುದೋ ಬಡಾವಣೆ ಇರುತ್ತದೆ. ಕಂಪ್ಯೂಟರ್ ಇರುವ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್ ನಮ್ಮ ಜಿಲ್ಲೆಗಳಲ್ಲೂ ಇವೆ.

ಅದೂ ಆಗದು, ಬೆಂಗಳೂರಿಗೇ ಬರಬೇಕು ಅನ್ನುವುದಾದರೆ ಹಾಲ್‌ಟಿಕೆಟ್‌ನ ಸೂಚನೆಗಳ ಪಟ್ಟಿಯನ್ನು ಸ್ವಲ್ಪ ಉದ್ದ ಮಾಡಿ. ತುಂಬುತೋಳಿನ ಅಂಗಿ ಬೇಡ, ಶೂ ಬೇಡ, ಗಡಿಯಾರ ಬೇಡ, ನೀರಿನ ಬಾಟಲಿ ಪಾರದರ್ಶಕ ಇರಲಿ ಎಂದು ಅಷ್ಟೆಲ್ಲ ಕಾಳಜಿಯಿಂದ ಬರೆಯುತ್ತೀರಿ. ಅದರ ಕೆಳಗೆ ಒಂದು ವಿಳಾಸ ಬರೆಯಿರಿ, ಹಿಂದಿನ ರಾತ್ರಿ ಮಲಗಲು ಎಲ್ಲಿಗೆ ಬರಬೇಕು, ಹಾಸಿಗೆಗೆ ಎಷ್ಟು, ಬೆಳಗಿನ ಜಾವ ನಾಲ್ಕಕ್ಕೆ ಬಂದರೆ ಬಾಗಿಲು ತೆಗೆಯುವವರು ಯಾರು.